ಕಾಲಿದ್ದ ತಿಮಿಂಗಿಲಗಳು: ಕಾಶ್ಮೀರ, ಕಛ್ ಮತ್ತು ಪಾಕಿಸ್ತಾನದ ಕಲ್ಲುಗಳಲ್ಲಿ ಸಿಕ್ಕ ಕಥೆ

ಕಲ್ಲುಕಥೆ:

ಜೀವವಿಕಾಸದ ಮಾತು ಬಂದರೆ ಸಾಕು, ನಮ್ಮಲ್ಲಿ ಚರ್ಚೆ ಮಂಗನಿಂದ ಮಾನವ ಅನ್ನುವಲ್ಲಿಗೆ ಹೋಗಿ ನಿಂತುಬಿಡುತ್ತದೆ. ಆಮೇಲೆ ಅದೇ ಜಗಳ. ನನಗಂತೂ ಅದಕ್ಕಿಂತ ತಿಮಿಂಗಿಲದ ಕಥೆಯೇ ಹೆಚ್ಚು ಇಷ್ಟ. ಪುರಾವೆ ಜಾಸ್ತಿ ಇದೆ, ಪ್ರಾಣಿಗಳು ಒಂದಕ್ಕಿಂತ ಒಂದು ವಿಚಿತ್ರ. ಅದಕ್ಕಿಂತ ಮುಖ್ಯವಾಗಿ, ಈ ಕಥೆಯ ಮೊದಲ ಅಧ್ಯಾಯಗಳೆಲ್ಲ ನಡೆದದ್ದು ನಮ್ಮ ಉಪಖಂಡದ ದಡದಲ್ಲಿ. ಜಮ್ಮು-ಕಾಶ್ಮೀರದ ರಾಜೌರಿ, ಗುಜರಾತಿನ ಕಛ್, ಹಿಮಾಚಲದ ಸುಬಾಥು, ಪಾಕಿಸ್ತಾನದ ಕೊಹಾಟ್, ಬಲೂಚಿಸ್ತಾನ. ಇಷ್ಟು ಹತ್ತಿರದ ಕಥೆ ನಮ್ಮ ಪಠ್ಯಪುಸ್ತಕದಲ್ಲಿ ಒಂದು ಪುಟ ಕೂಡ ಇರಲಿಲ್ಲ ಅನ್ನೋದು ನನಗೆ ನಿಜಕ್ಕೂ ಬೇಜಾರು.

ಸುಮಾರು 5 ಕೋಟಿ ವರ್ಷಗಳ ಹಿಂದಿನ ಕಾಲ. ಭಾರತದ ಭೂಭಾಗ ಉತ್ತರಕ್ಕೆ ಸರಿಯುತ್ತಾ ಬಂದು ಏಷ್ಯಾಕ್ಕೆ ಗುದ್ದುತ್ತಿತ್ತು. ಹಿಮಾಲಯ ಇನ್ನೂ ಈಗಿನ ಎತ್ತರಕ್ಕೆ ಎದ್ದಿರಲಿಲ್ಲ. ನಡುವೆ ಟೆಥಿಸ್ ಅನ್ನುವ ಕಡಲು ಕಿರಿದಾಗುತ್ತಾ ಇತ್ತು. ಆಳ ಕಡಿಮೆ, ನೀರು ಬೆಚ್ಚಗೆ, ದಡದಲ್ಲಿ ಜೌಗು, ಅಳಿವೆ, ಮೀನು ಬೇಕಾದಷ್ಟು.

ಆ ದಡದ ಹಳ್ಳಗಳಲ್ಲಿ ಇಂಡೋಹಯಸ್ ಅನ್ನುವ ಸಣ್ಣ ಪ್ರಾಣಿ ಓಡಾಡಿಕೊಂಡಿತ್ತು. ಬೆಕ್ಕಿಗಿಂತ ಸ್ವಲ್ಪ ದೊಡ್ಡದು, ಜಿಂಕೆಯಂಥ ಸಪೂರ ಕಾಲು, ಕಾಲಿಗೆ ಗೊರಸು. ರಾಜೌರಿ ಜಿಲ್ಲೆಯ ಕಾಲಾಕೋಟ್ ಹತ್ತಿರದ ಕಲ್ಲುಗಳಿಂದ ಇದನ್ನು ಹೊರತೆಗೆದವರು ಭೂವಿಜ್ಞಾನಿ ಎ. ರಂಗರಾವ್. 1971ರಲ್ಲಿ ಹೆಸರಿಟ್ಟರು. ಆಗ ಕೈಯಲ್ಲಿದ್ದದ್ದು ಹಲ್ಲು, ದವಡೆಯ ತುಣುಕು ಅಷ್ಟೆ. ಅವರು ಕೂಡಿಟ್ಟಿದ್ದ ಕಲ್ಲುಗಳಲ್ಲಿ ಬಹುಪಾಲು ಒಡೆಯದೆ ಹಾಗೇ ಉಳಿದಿದ್ದವು. ಅವರು ತೀರಿಕೊಂಡ ಮೇಲೆ ಅವರ ಪತ್ನಿ ಆ ಕಲ್ಲುಗಳನ್ನು ಹಾನ್ಸ್ ಥೆವಿಸನ್ ಅನ್ನುವ ಸಂಶೋಧಕರಿಗೆ ಕೊಟ್ಟರು. ಪ್ರಯೋಗಾಲಯದಲ್ಲಿ ಒಂದು ತಲೆಬುರುಡೆಯನ್ನು ಬಿಡಿಸುವಾಗ ಕಿವಿಯ ಮೂಳೆ ಅಕಸ್ಮಾತ್ತಾಗಿ ಮುರಿಯಿತು. ಒಳಗೆ ನೋಡಿದರೆ ಆ ಮೂಳೆಯ ಒಂದು ಬದಿಯ ಗೋಡೆ ವಿಪರೀತ ದಪ್ಪ! ಈ ದಪ್ಪ ಗೋಡೆಗೆ ಇನ್ವಾಲ್ಯೂಕ್ರಮ್ ಅಂತ ಹೆಸರು. ಅದು ಅಲ್ಲಿಯವರೆಗೆ ಕಂಡಿದ್ದು ತಿಮಿಂಗಿಲ ಮತ್ತು ಡಾಲ್ಫಿನ್ ವಂಶದಲ್ಲಿ ಮಾತ್ರ. 2007ರಲ್ಲಿ ಥೆವಿಸನ್, ರೂರ್ಕಿಯ ಸುನಿಲ್ ಬಾಜಪೇಯಿ ಮತ್ತು ಜೊತೆಗಾರರು ಇದನ್ನು ಪ್ರಕಟಿಸಿದರು. ಬೆಕ್ಕಿನಷ್ಟು ದೊಡ್ಡ ಗೊರಸಿನ ಪ್ರಾಣಿಯೊಂದು ತಿಮಿಂಗಿಲದ ಹತ್ತಿರದ ನೆಂಟ ಅಂತ ಗೊತ್ತಾದದ್ದು ಹೀಗೆ.

ಪಾಕಿಸ್ತಾನದ ಕೊಹಾಟ್ ಕಡೆ ಸಿಕ್ಕಿದ್ದು ಪಾಕಿಸೆಟಸ್. ತೋಳದ ಗಾತ್ರ, ಉದ್ದ ಮೂತಿ. 1981ರಲ್ಲಿ ಫಿಲಿಪ್ ಗಿಂಗರಿಚ್ ಮತ್ತು ಡೊನಾಲ್ಡ್ ರಸೆಲ್ ಹೆಸರಿಟ್ಟಾಗ ತಲೆಬುರುಡೆ ಮಾತ್ರ ಗೊತ್ತಿತ್ತು. 2001ರ ಹೊತ್ತಿಗೆ ದೇಹದ ಮೂಳೆಗಳೂ ಸಿಕ್ಕವು. ನೋಡಿದರೆ ಚೆನ್ನಾಗಿ ನಡೆದಾಡುವ ನಾಲ್ಕು ಕಾಲು. ಆಮೇಲೆ 1994ರಲ್ಲಿ ಪ್ರಕಟವಾದ ಆಂಬ್ಯುಲೋಸೆಟಸ್. ಪಾಕಿಸ್ತಾನದ ಪಂಜಾಬಿನ ಕಾಲಾ ಚಿಟ್ಟಾ ಬೆಟ್ಟಗಳಲ್ಲಿ ಸಿಕ್ಕಿತು. ಸುಮಾರು 3 ಮೀಟರ್ ಉದ್ದ, ಗಿಡ್ಡ ಕಾಲು, ದೊಡ್ಡ ಪಾದ, ಮೊಸಳೆಯಂತೆ ನೀರಲ್ಲಿ ಹೊಂಚು ಹಾಕುತ್ತಿದ್ದ ಬೇಟೆಗಾರ. ಇನ್ನು ನಮ್ಮ ಕಛ್‌ನ ಕಚ್ಛಿಸೆಟಸ್ ಚಿಕ್ಕದು, ಉದ್ದ ಬಾಲ, ಸಪೂರ ಮೂತಿ, ನೀರುನಾಯಿಯ ಮೈಕಟ್ಟು. 2000ದಲ್ಲಿ ಬಾಜಪೇಯಿ ಮತ್ತು ಥೆವಿಸನ್ ಹೆಸರಿಟ್ಟರು. ಕಛ್‌ನಲ್ಲಿ ಹಳೆಯ ತಿಮಿಂಗಿಲಗಳಿವೆ ಅಂತ ಅಶೋಕ್ ಸಾಹ್ನಿ ಮತ್ತು ವಿ. ಪಿ. ಮಿಶ್ರಾ 1970ರ ದಶಕದ ಶುರುವಿನಲ್ಲೇ ತೋರಿಸಿದ್ದರು, ಅದನ್ನು ಮರೆಯಬಾರದು.

ನನ್ನ ಮನಸ್ಸಿಗೆ ತುಂಬಾ ಹತ್ತಿರವಾದ ವಿಷಯ ಒಂದಿದೆ. ಈ ಯಾವ ಪ್ರಾಣಿಯೂ ಅರ್ಧಂಬರ್ಧ ಆಗಿರಲಿಲ್ಲ. ತಿಮಿಂಗಿಲ ಆಗಬೇಕು ಅಂತ ಯಾವುದೂ ಹೊರಟಿರಲಿಲ್ಲ. ಪ್ರತಿಯೊಂದೂ ತನ್ನ ಹಳ್ಳದಲ್ಲಿ, ತನ್ನ ಅಳಿವೆಯಲ್ಲಿ ಪೂರ್ತಿಯಾಗಿ ಬದುಕಿತ್ತು. ಇದರ ಬಗ್ಗೆ ನಿಮಗೆಲ್ಲ ಏನನ್ನಿಸುತ್ತದೆ, ಹೇಳಿ.

ತೋಟದಮನೆ:

ತುಂಬಾ ಚೆನ್ನಾಗಿ ಬರೆದಿದ್ದೀರಿ. ಆದರೆ ಕೊನೆಯ ಮಾತು ನನಗೆ ಪೂರ್ತಿ ಒಪ್ಪಿಗೆ ಆಗುತ್ತಿಲ್ಲ. ಕಾಲು ಗಿಡ್ಡ ಆಗಿ ಓಡಲೂ ಆಗದೆ, ಈಜುರೆಕ್ಕೆಯೂ ಪೂರ್ತಿ ಬೆಳೆಯದೆ ಇರುವ ಪ್ರಾಣಿ ದಡದಲ್ಲಿ ಹುಲಿಯಂಥದ್ದರ ಬಾಯಿಗೆ, ನೀರಲ್ಲಿ ಮೊಸಳೆ ಬಾಯಿಗೆ ಬೀಳುವುದಿಲ್ವಾ? ನಡುವಿನ ಹಂತದಲ್ಲಿ ಬದುಕೋದು ಹೇಗೆ?

ಕಲ್ಲುಕಥೆ:

ಇದು ಎಲ್ಲರಿಗೂ ಬರುವ ಪ್ರಶ್ನೆ, ಬರಲೇಬೇಕು. ಇವತ್ತು ಬದುಕಿರುವ ಪ್ರಾಣಿಗಳನ್ನೇ ನೋಡಿ. ತುಂಗಭದ್ರೆಯಲ್ಲಿ, ಕಾವೇರಿಯಲ್ಲಿ ನೀರುನಾಯಿಗಳಿವೆ. ದಡದಲ್ಲಿ ಓಡುತ್ತವೆ, ನೀರಿಗೆ ಬಿದ್ದರೆ ಮೀನಿಗಿಂತ ಚುರುಕು. ಸೀಲ್ ದಡದಲ್ಲಿ ತೆವಳುತ್ತದೆ, ಆದರೂ ಅಲ್ಲೇ ಮರಿ ಹಾಕುತ್ತದೆ. ಹಿಪ್ಪೋ ಹಗಲೆಲ್ಲ ನೀರಲ್ಲಿ, ರಾತ್ರಿ ಹುಲ್ಲು ಮೇಯಲು ದಡಕ್ಕೆ. ಇವುಗಳನ್ನು ಅರೆಬೆಂದ ಪ್ರಾಣಿಗಳು ಅಂತ ನಾವು ಯಾರೂ ಕರೆಯೋದಿಲ್ಲ, ಅಲ್ವಾ?

ಇಂಡೋಹಯಸ್ ಹೇಗೆ ಬದುಕಿತ್ತು ಅನ್ನೋದಕ್ಕೂ ಸುಳಿವು ಇದೆ. ಅದರ ಕಾಲಿನ ಮೂಳೆಗಳ ಗೋಡೆ ತುಂಬಾ ದಪ್ಪ. ನೀರಲ್ಲಿ ತೇಲಿ ಮೇಲೆ ಬರದಂತೆ ಭಾರ ಕೊಡುವುದು ಈ ದಪ್ಪ ಮೂಳೆ. ಹಿಪ್ಪೋದಲ್ಲೂ ಹಾಗೇ ಇದೆ. ಇನ್ನೊಂದು ಸುಳಿವು ಹಲ್ಲಿನ ಎನಾಮೆಲ್‌ನಲ್ಲಿ. ಪ್ರಾಣಿ ಕುಡಿದ ನೀರು, ತಿಂದ ಆಹಾರ ಎರಡರ ಗುರುತೂ ಆಮ್ಲಜನಕ ಮತ್ತು ಇಂಗಾಲದ ಐಸೋಟೋಪ್‌ಗಳ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ) ರೂಪದಲ್ಲಿ ಅಲ್ಲಿ ಉಳಿದಿರುತ್ತದೆ. ಆಮ್ಲಜನಕ ಹೇಳುವುದು ಇದು ನೀರಲ್ಲಿ ಬಹಳ ಹೊತ್ತು ಇರುತ್ತಿತ್ತು ಅಂತ. ಇಂಗಾಲ ಹೇಳುವುದು ಇದರ ಊಟ ನೆಲದ ಗಿಡಗಳಿಂದ ಬರುತ್ತಿತ್ತು ಅಂತ. ಅಂದರೆ ಮೇವು ದಡದಲ್ಲಿ, ಅಡಗುತಾಣ ನೀರಲ್ಲಿ.

ಇದೇ ಥರ ಬದುಕುವ ಪ್ರಾಣಿ ಆಫ್ರಿಕಾದ ಕಾಡಿನಲ್ಲಿ ಈಗಲೂ ಇದೆ. ಅಲ್ಲಿನ ಒಂದು ಜಾತಿಯ ಮೌಸ್ ಡೀರ್ ಹದ್ದು ಅಟ್ಟಿಸಿಕೊಂಡು ಬಂದರೆ ಸೀದಾ ಹೊಳೆಗೆ ಹಾರಿ ಮುಳುಗಿ, ತಳದಲ್ಲಿ ನಡೆದುಕೊಂಡು ಹೋಗಿಬಿಡುತ್ತದೆ. ನಮ್ಮ ಮಲೆನಾಡಿನ ಬರ್ಕ ಅದರ ನೆಂಟ. ಇಂಡೋಹಯಸ್ ನೀರಿಗೆ ಇಳಿದದ್ದು ಕೂಡ ಮೊದಲಿಗೆ ಮೀನಿನ ಆಸೆಗಿಂತ ಪ್ರಾಣಭಯದಿಂದ ಅಂತ ಥೆವಿಸನ್ ತಂಡದ ಊಹೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಕಡಲತಡಿ:

ನಮ್ಮ ಊರು ಹೊನ್ನಾವರ ಕಡೆ. ಆಗಾಗ ಸತ್ತ ತಿಮಿಂಗಿಲ ದಡಕ್ಕೆ ಬಂದು ಬೀಳುತ್ತದೆ. ಊರೆಲ್ಲ ಸೇರುತ್ತದೆ, ಆದರೆ ಮಾತೆಲ್ಲ ಅಂಬರ್‌ಗ್ರಿಸ್ ಬಗ್ಗೆನೇ. ಕೋಟಿ ಬೆಲೆ, ಪೊಲೀಸು, ಕಳ್ಳಸಾಗಣೆ. ಪ್ರಾಣಿಯ ಬಗ್ಗೆ ಕೇಳುವವರು ಯಾರೂ ಇಲ್ಲ. ಅದೂ ನಮ್ಮ ಹಾಗೆ ಉಸಿರಾಡುತ್ತದೆ, ಮರಿಗೆ ಹಾಲು ಕೊಡುತ್ತದೆ ಅಂತ ಹೇಳಿದರೆ ನಂಬದವರೂ ಇದ್ದಾರೆ. ನನ್ನ ಪ್ರಶ್ನೆ ಏನಂದರೆ, ಈಗಿನ ತಿಮಿಂಗಿಲದ ಮೈಯೊಳಗೆ ಕಾಲಿನ ಗುರುತು ಏನಾದರೂ ಉಳಿದಿದೆಯಾ? ಕೊಳೆಯುವಾಗ ನೋಡಿದ್ದೇನೆ, ಹಿಂದೆ ಕಾಲು ಅನ್ನುವಂಥದ್ದು ಏನೂ ಕಾಣಲಿಲ್ಲ.

ಕಲ್ಲುಕಥೆ:

ಉಳಿದಿದೆ. ಆದರೆ ಸುಮ್ನೆ ನೋಡಿದರೆ ಕಾಣುವುದಿಲ್ಲ, ಏಕೆಂದರೆ ಅದು ಬೆನ್ನುಮೂಳೆಗೆ ಅಂಟಿಕೊಂಡಿಲ್ಲ. ಹೊಟ್ಟೆಯ ಹಿಂಭಾಗದಲ್ಲಿ, ಜನನಾಂಗದ ಹತ್ತಿರ, ಮಾಂಸದ ನಡುವೆ ಎರಡು ಸಣ್ಣ ಮೂಳೆಗಳು ಇರುತ್ತವೆ. ಅದು ಸೊಂಟದ ಮೂಳೆಯಲ್ಲಿ ಉಳಿದ ಭಾಗ. ಕೆಲವು ಜಾತಿಗಳಲ್ಲಿ ಅದರ ಪಕ್ಕ ತೊಡೆಮೂಳೆಯ ಚೂರು ಕೂಡ ಇರುತ್ತದೆ. ಅದನ್ನು ಉಪಯೋಗವಿಲ್ಲದ ಮೂಳೆ ಅಂತ ಬಹಳ ಕಾಲ ಹೇಳುತ್ತಿದ್ದರು. ಅದು ಸರಿಯಲ್ಲ. ಜನನಾಂಗದ ಸ್ನಾಯುಗಳು ಹಿಡಿದುಕೊಂಡಿರುವುದು ಅದೇ ಮೂಳೆಗಳನ್ನು. ಕಾಲು ಹೋಯಿತು, ಮೂಳೆಯ ಇನ್ನೊಂದು ಕೆಲಸ ಉಳಿಯಿತು.

ಡಾಲ್ಫಿನ್ ಭ್ರೂಣದಲ್ಲಿ ಇನ್ನೂ ಸ್ಪಷ್ಟವಾಗಿದೆ. ಮೊದಲ ವಾರಗಳಲ್ಲಿ ಹಿಂಗಾಲಿನ ಮೊಗ್ಗು ಮೂಡುತ್ತದೆ, ಆಮೇಲೆ ಬೆಳವಣಿಗೆ ನಿಂತು ಕರಗಿಹೋಗುತ್ತದೆ. 2006ರಲ್ಲಿ ಥೆವಿಸನ್ ಮತ್ತು ಇತರರು ತೋರಿಸಿದ್ದು ಇದನ್ನೇ: ಕಾಲು ಬೆಳೆಯಲು ಬೇಕಾದ ಸಾನಿಕ್ ಹೆಜ್‌ಹಾಗ್ ಅನ್ನುವ ವಂಶವಾಹಿ ಆ ಮೊಗ್ಗಿನಲ್ಲಿ ಕೆಲಸ ಮಾಡುವುದಿಲ್ಲ. ವಂಶವಾಹಿ ಕಳೆದುಹೋಗಿಲ್ಲ, ಡಾಲ್ಫಿನ್‌ನ ದೇಹದ ಬೇರೆ ಕಡೆ ಅದಕ್ಕೆ ಬೇಕಾದಷ್ಟು ಕೆಲಸ ಇದೆ. ಆ ಜಾಗದಲ್ಲಿ ಮಾತ್ರ ಅದು ಶುರುವಾಗುವುದಿಲ್ಲ. ಅದೇ ವರ್ಷ ಜಪಾನಿನ ತೈಜಿಯಲ್ಲಿ ಹಿಂದೆಯೂ ಎರಡು ಪುಟ್ಟ ಈಜುರೆಕ್ಕೆ ಇದ್ದ ಡಾಲ್ಫಿನ್ ಒಂದು ಸಿಕ್ಕಿತು. ತುಂಬಾ ಅಪರೂಪದ ಸಂಗತಿ.

ಮುಂದೆ ತಿಮಿಂಗಿಲ ಬಿದ್ದಾಗ ಬಾಲ ನೋಡಿ. ಮೀನಿನ ಬಾಲ ನಿಂತಿರುತ್ತದೆ, ಎಡಕ್ಕೆ ಬಲಕ್ಕೆ ಆಡುತ್ತದೆ. ತಿಮಿಂಗಿಲದ್ದು ಮಲಗಿರುತ್ತದೆ, ಮೇಲೆ ಕೆಳಗೆ ಆಡುತ್ತದೆ. ನಾಯಿ ಜೋರಾಗಿ ಓಡುವಾಗ ಅದರ ಬೆನ್ನು ಬಾಗುವುದೂ ಮೇಲೆ ಕೆಳಗೆ. ನೆಲದ ಮೇಲೆ ಓಡಿದವರ ಬೆನ್ನು ಅದು, ನೀರಿಗೆ ಬಂದ ಮೇಲೂ ಅದೇ ದಿಕ್ಕಿನಲ್ಲಿ ಬಾಗುತ್ತಿದೆ.

ಚೆನ್ನೈ ಕಡೆ ಹೋದರೆ ಎಗ್ಮೋರ್‌ನ ಸರಕಾರಿ ಮ್ಯೂಸಿಯಂಗೆ ಹೋಗಿ. ಅಲ್ಲಿರುವ ದೊಡ್ಡ ತಿಮಿಂಗಿಲದ ಅಸ್ಥಿಪಂಜರ 19ನೇ ಶತಮಾನದಲ್ಲಿ ನಮ್ಮ ಮಂಗಳೂರು ಕರಾವಳಿಯಲ್ಲಿ ಸಿಕ್ಕಿದ್ದು.

ಹಳೇಬೇರು:

ಮತ್ಸ್ಯ, ಕೂರ್ಮ, ವರಾಹ, ನರಸಿಂಹ, ವಾಮನ. ನೀರಿನಿಂದ ನೆಲಕ್ಕೆ, ಪ್ರಾಣಿಯಿಂದ ಮನುಷ್ಯನಿಗೆ. ನಮ್ಮ ಹಿರಿಯರು ಇದನ್ನೇ ದಶಾವತಾರ ಅಂತ ಹೇಳಿದ್ದಲ್ವಾ? ಡಾರ್ವಿನ್ ಬರುವ ಎಷ್ಟೋ ಮುಂಚೆ ನಮಗೆ ಇದು ಗೊತ್ತಿತ್ತು ಅನ್ನಿಸುತ್ತದೆ.

ಕಲ್ಲುಕಥೆ:

ದಶಾವತಾರ ನನಗೂ ಪ್ರೀತಿಯ ಕಥೆ. ಯಕ್ಷಗಾನದಲ್ಲಿ ನೋಡಿ ಬೆಳೆದವನು. ಆದರೆ ಎರಡನ್ನೂ ಒಂದೇ ಅಂದರೆ ಎರಡಕ್ಕೂ ಅನ್ಯಾಯ ಆಗುತ್ತದೆ ಅಂತ ನನ್ನ ಅಭಿಪ್ರಾಯ. ಅವತಾರದ ಕಥೆಯಲ್ಲಿ ಒಂದು ಉದ್ದೇಶ ಇದೆ, ಲೋಕಕ್ಕೆ ಕಷ್ಟ ಬಂದಾಗ ದೇವರು ಬರುತ್ತಾನೆ. ಅದರ ಅರ್ಥವೇ ಬೇರೆ, ಆಳವೇ ಬೇರೆ. ಜೀವವಿಕಾಸದಲ್ಲಿ ಹತ್ತಿ ಹೋಗುವ ಮೆಟ್ಟಿಲು ಇಲ್ಲ. ತಿಮಿಂಗಿಲವನ್ನೇ ನೋಡಿ. ಅದರ ಪೂರ್ವಜರಲ್ಲಿ ಮೀನುಗಳಿದ್ದವು, ಅವು ನೆಲಕ್ಕೆ ಬಂದವು, ಕೋಟಿಗಟ್ಟಲೆ ವರ್ಷ ನೆಲದಲ್ಲಿ ಬದುಕಿದವು, ಆಮೇಲೆ ವಾಪಸ್ ನೀರಿಗೆ ಹೋದವು. ಈಗ ಹೇಳಿ, ಇದು ಮೇಲೆ ಹತ್ತಿದ್ದಾ, ಕೆಳಗೆ ಇಳಿದದ್ದಾ? ಎರಡೂ ಅಲ್ಲ. ಅಲ್ಲಿ ಆ ಕಾಲಕ್ಕೆ ಯಾವುದು ಬದುಕಿ ಮರಿ ಮಾಡಲು ಅನುಕೂಲವಾಯಿತೋ ಅದು ಉಳಿಯಿತು.

ಮೇಷ್ಟ್ರು ಬಯಲುಸೀಮೆ:

ಎಷ್ಟೋ ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವನು ನಾನು. ಒಂದು ಮಾತು ಸೇರಿಸುತ್ತೇನೆ. ಇಂಡೋಹಯಸ್, ಪಾಕಿಸೆಟಸ್, ಆಂಬ್ಯುಲೋಸೆಟಸ್, ಹೀಗೆ ಸಾಲಾಗಿ ಹೇಳಿದಾಗ ಮಕ್ಕಳು ಅಜ್ಜ, ಅಪ್ಪ, ಮಗ ಅಂತ ತಿಳಿದುಕೊಳ್ಳುತ್ತಾರೆ. ಅದು ಹಾಗಲ್ಲ. ಇಂಡೋಹಯಸ್‌ನ ಪಳೆಯುಳಿಕೆ ಸುಮಾರು 4.8 ಕೋಟಿ ವರ್ಷದ್ದು. ಪಾಕಿಸೆಟಸ್ ಕೂಡ ಹೆಚ್ಚುಕಡಿಮೆ ಅದೇ ಕಾಲದ್ದು, ಸ್ವಲ್ಪ ಹಿಂದಿನದ್ದೇ. ಹಾಗಿದ್ದರೆ ಇಂಡೋಹಯಸ್ ಅಜ್ಜ ಆಗೋದು ಹೇಗೆ? ಅದು ದಾಯಾದಿ. ಆ ವಂಶದ ಹಳೆಯ ಲಕ್ಷಣಗಳನ್ನು ಹೆಚ್ಚು ಉಳಿಸಿಕೊಂಡ ದಾಯಾದಿ. ಕಚ್ಛಿಸೆಟಸ್‌ನ ಕವಲು ಮುಂದೆ ಬೆಳೆಯಲೇ ಇಲ್ಲ, ಅಲ್ಲಿಗೇ ಮುಗಿಯಿತು.

ಹಾಗಾಗಿ ನಾನು ತರಗತಿಯಲ್ಲಿ ಪ್ರಾಣಿಗಳನ್ನು ಸಾಲಲ್ಲಿ ನಿಲ್ಲಿಸುತ್ತಿರಲಿಲ್ಲ, ಒಂದೊಂದು ಅಂಗವನ್ನು ಹಿಡಿದು ಹೇಳುತ್ತಿದ್ದೆ. ಮೂಗಿನ ಹೊಳ್ಳೆ ನೋಡಿ. ಪಾಕಿಸೆಟಸ್‌ನಲ್ಲಿ ಮೂತಿಯ ತುದಿಯಲ್ಲಿ. ನಂತರದವುಗಳಲ್ಲಿ ಸ್ವಲ್ಪ ಸ್ವಲ್ಪ ಹಿಂದಕ್ಕೆ. ಈಗಿನ ತಿಮಿಂಗಿಲದಲ್ಲಿ ನೆತ್ತಿಯ ಮೇಲೆ. ಕಿವಿಯೂ ಹಾಗೇ. ಈಗಿನ ಹಲ್ಲಿನ ತಿಮಿಂಗಿಲಗಳು ಶಬ್ದವನ್ನು ಕೆಳದವಡೆಯಿಂದ ಕೇಳುತ್ತವೆ, ದವಡೆಯೊಳಗಿನ ಕೊಬ್ಬು ಶಬ್ದವನ್ನು ಕಿವಿಗೆ ಮುಟ್ಟಿಸುತ್ತದೆ. ಆ ಕೊಬ್ಬು ಕೂರುವ ತೂತು ಪಾಕಿಸೆಟಸ್‌ನಲ್ಲಿ ಚಿಕ್ಕದು, ಆಂಬ್ಯುಲೋಸೆಟಸ್‌ನಲ್ಲಿ ಅದಕ್ಕಿಂತ ದೊಡ್ಡದು, ಕಛ್‌ನ ರೆಮಿಂಗ್ಟನೋಸೆಟಸ್ ಅನ್ನುವ ಹಳೆಯ ತಿಮಿಂಗಿಲಗಳ ಗುಂಪಿನಲ್ಲಿ ಇನ್ನೂ ದೊಡ್ಡದು. ಯಾರು ಯಾರ ಅಜ್ಜ ಅನ್ನುವ ಜಗಳವೇ ಇಲ್ಲಿ ಬೇಕಾಗುವುದಿಲ್ಲ.

ಕಲ್ಲುಕಥೆ:

ಮೇಷ್ಟ್ರೇ, ನಮಸ್ಕಾರ. ನಿಮ್ಮಂಥವರು ಎಲ್ಲ ಶಾಲೆಯಲ್ಲೂ ಇರಬೇಕಿತ್ತು. ರೆಮಿಂಗ್ಟನೋಸೆಟಸ್ ಮಾತು ಬಂದಿದ್ದಕ್ಕೆ ಇನ್ನೊಂದು. ನಮ್ಮ ಕಿವಿಯೊಳಗೆ ಸಮತೋಲನಕ್ಕೆ ಅಂತ ಅರ್ಧವೃತ್ತದ ಕೊಳವೆಗಳಿವೆ, ತಿಮಿಂಗಿಲಗಳಲ್ಲಿ ಅವು ದೇಹಕ್ಕೆ ಹೋಲಿಸಿದರೆ ತೀರಾ ಚಿಕ್ಕವು. ಕಛ್‌ನಲ್ಲಿ ಸಿಕ್ಕ ತಲೆಬುರುಡೆಗಳನ್ನು ಸ್ಕ್ಯಾನ್ ಮಾಡಿ ನೋಡಿದಾಗ ಆ ಕೊಳವೆಗಳು ಆಗಲೇ ಚಿಕ್ಕದಾಗಿದ್ದವು ಅಂತ 2002ರಲ್ಲಿ ಫ್ರೆಡ್ ಸ್ಪೂರ್, ಬಾಜಪೇಯಿ ಮತ್ತಿತರರು ತೋರಿಸಿದರು. ಹೊರಗೆ ಇನ್ನೂ ಕಾಲಿದೆ, ಒಳಗಿವಿ ಆಗಲೇ ಕಡಲಿಗೆ ಸೇರಿಬಿಟ್ಟಿದೆ!

ಎರಡನೇ ಮಾತು:

ನನಗೆ ಒಂದು ತಕರಾರು ಇದೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ವಿಜ್ಞಾನಿಗಳೇ ಮೊದಲು ತಿಮಿಂಗಿಲ ಬಂದದ್ದು ತೋಳದಂಥ ಮಾಂಸಾಹಾರಿಯಿಂದ ಅಂದರು. ಹಳೆಯ ಪುಸ್ತಕಗಳಲ್ಲಿ ಹಾಗೇ ಇದೆ. ಈಗ ಹಿಪ್ಪೋ ನೆಂಟ ಅಂತಾರೆ. ನಾಳೆ ಇನ್ನೇನೋ ಅನ್ನಬಹುದು. ಹೀಗೆ ಬದಲಾಗುತ್ತಾ ಇದ್ದರೆ ನಾವು ನಂಬೋದು ಯಾವುದನ್ನ?

ಕಲ್ಲುಕಥೆ:

ಈ ತಕರಾರನ್ನು ನಾನು ಸ್ವಾಗತಿಸುತ್ತೇನೆ, ಏಕೆಂದರೆ ಇಡೀ ಕಥೆಯಲ್ಲಿ ನನಗೆ ಅತಿ ಹೆಚ್ಚು ಗೌರವ ಇರುವ ಘಟ್ಟ ಇದೇ.

ಹೌದು, ಬಹಳ ಕಾಲ ಮೆಸೋನಿಕಿಡ್ ಅನ್ನುವ ಗುಂಪಿನ ಮೇಲೆ ಎಲ್ಲರ ಕಣ್ಣಿತ್ತು. ಗೊರಸಿದ್ದ ಮಾಂಸಾಹಾರಿಗಳು ಅವು. ಅವುಗಳ ಹಲ್ಲು ಹಳೆಯ ತಿಮಿಂಗಿಲಗಳ ಹಲ್ಲನ್ನು ಹೋಲುತ್ತಿತ್ತು. ಪಳೆಯುಳಿಕೆ ತಜ್ಞರ ಕೈಗೆ ಆಗ ಹೆಚ್ಚಾಗಿ ಸಿಗುತ್ತಿದ್ದದ್ದು ಹಲ್ಲು ತಾನೇ. ಗಿಂಗರಿಚ್ ಅವರೂ ಆ ಪಕ್ಷದಲ್ಲೇ ಇದ್ದರು. ಅಷ್ಟರಲ್ಲಿ 1990ರ ದಶಕದಲ್ಲಿ ಡಿಎನ್‌ಎ ನೋಡುವವರು ಬಂದರು. ಹಾಲಿನ ಪ್ರೋಟೀನಿನ ವಂಶವಾಹಿಗಳನ್ನು ಹೋಲಿಸಿದವರಿಗೂ, ಜೀನೋಮಿನಲ್ಲಿ ಅಲ್ಲಲ್ಲಿ ಸೇರಿಕೊಂಡು ಪೀಳಿಗೆಯಿಂದ ಪೀಳಿಗೆಗೆ ಸಾಗುವ ತುಣುಕುಗಳನ್ನು ಹುಡುಕಿದ ಜಪಾನಿನ ನೊರಿಹಿರೊ ಒಕಾಡಾ ತಂಡಕ್ಕೂ ಸಿಕ್ಕ ಉತ್ತರ ಒಂದೇ. ತಿಮಿಂಗಿಲ ಇರುವುದು ಹಸು, ಜಿಂಕೆ, ಹಂದಿ, ಒಂಟೆಗಳ ದೊಡ್ಡ ಕುಟುಂಬದ ಒಳಗೆ, ಮತ್ತು ಬದುಕಿರುವವರಲ್ಲಿ ಅತಿ ಹತ್ತಿರದ ನೆಂಟ ಹಿಪ್ಪೋ.

ಮೂಳೆಯವರು ಇದನ್ನು ಸುಲಭಕ್ಕೆ ಒಪ್ಪಲಿಲ್ಲ. ಒಪ್ಪಬೇಕಾಗಿಯೂ ಇರಲಿಲ್ಲ. ಏನು ಸಿಕ್ಕರೆ ಒಪ್ಪುತ್ತೇವೆ ಅನ್ನುವುದು ಮಾತ್ರ ಇಬ್ಬರಿಗೂ ಗೊತ್ತಿತ್ತು. ಅದು ಕಣಕಾಲಿನ ಮೂಳೆ, ಆಸ್ಟ್ರಾಗಲಸ್. ಹಸು, ಮೇಕೆ, ಜಿಂಕೆ, ಹಂದಿ, ಹಿಪ್ಪೋ ಎಲ್ಲದರಲ್ಲೂ ಈ ಮೂಳೆಯ ಮೇಲೆ ಮತ್ತು ಕೆಳಗೆ ಎರಡೂ ಕಡೆ ಬಾವಿ ರಾಟೆಯ ಹಾಗೆ ನಡುವೆ ಹಳ್ಳ ಇರುತ್ತದೆ. ಬೇರೆ ಯಾವ ಸಸ್ತನಿಯಲ್ಲೂ ಹೀಗೆ ಎರಡು ಕಡೆ ಇಲ್ಲ. ಮೆಸೋನಿಕಿಡ್‌ಗಳಲ್ಲೂ ಇಲ್ಲ. ಹಾಗಾದರೆ ಕಾಲಿದ್ದ ತಿಮಿಂಗಿಲದ ಕಣಕಾಲು ಸಿಗಬೇಕು, ಅದರಲ್ಲಿ ಎಷ್ಟು ರಾಟೆ ಇದೆ ನೋಡಬೇಕು.

2001ರಲ್ಲಿ ಗಿಂಗರಿಚ್ ತಂಡ ಬಲೂಚಿಸ್ತಾನದಿಂದ ರೋಡೋಸೆಟಸ್ ಮತ್ತು ಆರ್ಟಿಯೋಸೆಟಸ್ ಅನ್ನುವ ಸುಮಾರು 4.7 ಕೋಟಿ ವರ್ಷ ಹಳೆಯ ಎರಡು ತಿಮಿಂಗಿಲಗಳನ್ನು ಪ್ರಕಟಿಸಿತು. ಕಣಕಾಲಿನ ಮೂಳೆ ಸಮೇತ. ಎರಡೂ ಕಡೆ ರಾಟೆ. ಗಿಂಗರಿಚ್ ತಮ್ಮ ಹಳೆಯ ಅಭಿಪ್ರಾಯ ಬಿಟ್ಟರು. ಅದೇ ತಿಂಗಳಲ್ಲಿ ಥೆವಿಸನ್ ತಂಡವೂ ಪಾಕಿಸೆಟಸ್ ಗುಂಪಿನ ಕಣಕಾಲು ತೋರಿಸಿತು. ಅಲ್ಲೂ ಅದೇ. ಡಿಎನ್‌ಎ ನೋಡುವವರು ಪ್ರಯೋಗಾಲಯದಲ್ಲಿ ಕೂತು ಹೇಳಿದ್ದನ್ನು, ಅದನ್ನು ಒಪ್ಪದವರೇ ಬೆಟ್ಟದಿಂದ ಅಗೆದು ತಂದು ಮುಂದಿಟ್ಟರು. ನೀವು ಇದನ್ನು ಮಾತು ಬದಲಿಸೋದು ಅಂತೀರಿ. ನನಗೆ ಇದರಿಂದಲೇ ನಂಬಿಕೆ ಹುಟ್ಟುತ್ತದೆ. ಆ ಎರಡು ದಾರಿಗಳೂ ಒಂದರ ಮೇಲೆ ಒಂದು ಆಧಾರಪಟ್ಟಿರಲಿಲ್ಲ, ಆದರೂ ಒಂದೇ ಕಡೆ ಬಂದು ಸೇರಿದವು.

ಡಾರ್ವಿನ್ 1859ರಲ್ಲಿ ತಮ್ಮ ಪುಸ್ತಕದ ಮೊದಲ ಮುದ್ರಣದಲ್ಲಿ, ನೀರಲ್ಲಿ ಬಾಯಿ ತೆರೆದು ಈಜುತ್ತಾ ಕೀಟ ಹಿಡಿಯುವ ಕಪ್ಪು ಕರಡಿಯ ಉದಾಹರಣೆ ಕೊಟ್ಟು, ಅಂಥದ್ದು ಕಾಲಾಂತರದಲ್ಲಿ ತಿಮಿಂಗಿಲದಂಥ ಪ್ರಾಣಿ ಆಗಬಹುದು ಅಂತ ಬರೆದಿದ್ದರು. ಜನ ಗೇಲಿ ಮಾಡಿದರು. ಮುಂದಿನ ಮುದ್ರಣಗಳಲ್ಲಿ ಅವರು ಆ ಭಾಗವನ್ನು ಮೊಟಕು ಮಾಡಿದರು. ಕರಡಿ ತಪ್ಪು, ದಿಕ್ಕು ಸರಿ. ಅವರ ಕಾಲದಲ್ಲಿ ಈ ಪಳೆಯುಳಿಕೆಗಳಲ್ಲಿ ಒಂದೂ ಸಿಕ್ಕಿರಲಿಲ್ಲ.

ಮಿಷಿಗನ್ ಕನ್ನಡತಿ:

ನಾನು ಇರೋದು ಆನ್ ಆರ್ಬರ್‌ನಲ್ಲಿ. ಗಿಂಗರಿಚ್ ಕೆಲಸ ಮಾಡಿದ್ದು ಇಲ್ಲಿನ ಮಿಷಿಗನ್ ವಿಶ್ವವಿದ್ಯಾಲಯದಲ್ಲೇ. ಇಲ್ಲಿನ ಮ್ಯೂಸಿಯಂಗೆ ಕಾಲಿಟ್ಟರೆ ತಲೆ ಮೇಲೆ ಎರಡು ಹಳೆಯ ತಿಮಿಂಗಿಲಗಳು ತೂಗುತ್ತಿರುತ್ತವೆ, ಬೆಸಿಲೋಸಾರಸ್ ಮತ್ತು ಡೊರುಡಾನ್. ಮಕ್ಕಳನ್ನು ಕರೆದುಕೊಂಡು ಹೋದಾಗೆಲ್ಲ ನಾನು ನೋಡುವುದು ಬೆಸಿಲೋಸಾರಸ್‌ನ ಹಿಂಗಾಲು. ದೇಹ 15 ಮೀಟರಿಗೂ ಉದ್ದ, ಹಿಂಗಾಲು ನನ್ನ ಮೊಣಕೈಯಿಂದ ಬೆರಳ ತುದಿಯವರೆಗೂ ಬರುವುದಿಲ್ಲ. ಆದರೆ ಮಂಡಿ ಇದೆ, ಪಾದ ಇದೆ, ಬೆರಳಿದೆ!

ಹೆಸರಿನ ಕಥೆಯೂ ಚೆನ್ನಾಗಿದೆ. 1834ರಲ್ಲಿ ಅಮೆರಿಕದ ರಿಚರ್ಡ್ ಹಾರ್ಲನ್ ಇದರ ಬೆನ್ನುಮೂಳೆ ನೋಡಿ ಯಾವುದೋ ಕಡಲ ಸರೀಸೃಪ ಅಂದುಕೊಂಡು, ಹಲ್ಲಿಗಳ ರಾಜ ಅನ್ನುವ ಅರ್ಥದ ಹೆಸರಿಟ್ಟರು. ಕೆಲವು ವರ್ಷದ ನಂತರ ಲಂಡನ್ನಿನಲ್ಲಿ ರಿಚರ್ಡ್ ಓವೆನ್ ಹಲ್ಲು ನೋಡಿದರು. ಹಲ್ಲಿಗೆ ಎರಡು ಬೇರು. ಸರೀಸೃಪಕ್ಕೆ ಹಾಗಿರುವುದಿಲ್ಲ, ಇದು ಸಸ್ತನಿ ಅಂದರು. ಆದರೆ ಮೊದಲು ಇಟ್ಟ ಹೆಸರು ಬದಲಿಸುವಂತಿಲ್ಲ ಅನ್ನುವ ನಿಯಮ ಇರುವುದರಿಂದ ಹಾಗೇ ಉಳಿಯಿತು. ಹಿಂಗಾಲು ಸಿಕ್ಕಿದ್ದು ಈಜಿಪ್ಟಿನ ವಾದಿ ಅಲ್ ಹಿತಾನ್ ಮರುಭೂಮಿಯಲ್ಲಿ. ಗಿಂಗರಿಚ್, ಹಾಲಿ ಸ್ಮಿತ್, ಎಲ್ವಿನ್ ಸೈಮನ್ಸ್ 1990ರಲ್ಲಿ ಪ್ರಕಟಿಸಿದರು. ಆ ಜಾಗದಲ್ಲಿ ನೂರಾರು ತಿಮಿಂಗಿಲಗಳ ಮೂಳೆ ಮರಳಿನಲ್ಲಿವೆ. 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾಣ ಆಯಿತು.

ನನಗೆ ಆಸೆ ಏನಂದರೆ, ಕಛ್‌ನಲ್ಲೂ ಹೀಗೊಂದು ಜಾಗ ಆಗಬೇಕು. ಮಕ್ಕಳು ಬಸ್ಸಿನಲ್ಲಿ ಹೋಗಿ ಕಣ್ಣಾರೆ ನೋಡುವಂಥದ್ದು.

ತೋಟದಮನೆ:

ಕಾಲು ಕಳೆದುಕೊಂಡವರ ಮಾತು ಬಂತಲ್ಲ, ನಮ್ಮ ಅಡಿಕೆ ತೋಟದಲ್ಲಿ ಮಳೆಗಾಲದಲ್ಲಿ ಅಗೆಯುವಾಗ ದೊಡ್ಡ ಎರೆಹುಳದ ಹಾಗೆ, ಮೈಯೆಲ್ಲ ಉಂಗುರ ಉಂಗುರ ಇರುವ ಒಂದು ಪ್ರಾಣಿ ಸಿಗುತ್ತದೆ. ಹಾವಿನ ಮರಿ ಅಂತ ಕೆಲಸದವರು ಹೊಡೆಯಲು ಹೋಗುತ್ತಾರೆ. ಸಿಸಿಲಿಯನ್ ಅಂತ ಆಮೇಲೆ ಗೊತ್ತಾಯಿತು. ಅದೂ ಹೀಗೇನಾ?

ಕಲ್ಲುಕಥೆ:

ದಯವಿಟ್ಟು ಹೊಡೆಯಲು ಬಿಡಬೇಡಿ. ಅದು ಕಪ್ಪೆಯ ದೂರದ ನೆಂಟ, ಕಾಲಿಲ್ಲದ ಉಭಯಚರ. ವಿಷದ ಹಾವಲ್ಲ, ಮಣ್ಣಲ್ಲಿ ಹುಳ ತಿಂದುಕೊಂಡು ಇರುತ್ತದೆ. ಪಶ್ಚಿಮ ಘಟ್ಟದಲ್ಲಿ ಬೇರೆ ಎಲ್ಲೂ ಇಲ್ಲದ ಜಾತಿಗಳಿವೆ. ಸಿಸಿಲಿಯನ್‌ಗಳೂ ಹಾವುಗಳೂ ತಿಮಿಂಗಿಲವೂ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯಾಗಿ ಕಾಲು ಕಳೆದುಕೊಂಡವು. ಹೆಬ್ಬಾವು ನೋಡಿದ್ದೀರಾ? ಗುದದ್ವಾರದ ಪಕ್ಕ ಎರಡು ಪುಟ್ಟ ಉಗುರು ಇರುತ್ತವೆ. ಅದು ಹಿಂಗಾಲಿನ ಉಳಿಕೆ. ಸಾನಿಕ್ ಹೆಜ್‌ಹಾಗ್ ಅಂತ ಮೇಲೆ ಹೇಳಿದೆನಲ್ಲ, ಅದನ್ನು ಕಾಲಿನ ಜಾಗದಲ್ಲಿ ಚಾಲೂ ಮಾಡುವ ಡಿಎನ್‌ಎ ಸ್ವಿಚ್ ಹಾವುಗಳಲ್ಲಿ ಕೆಟ್ಟಿದೆ ಅಂತ 2016ರಲ್ಲಿ ಗೊತ್ತಾಯಿತು. ಎಲ್ಲಿಯ ಹೆಬ್ಬಾವು, ಎಲ್ಲಿಯ ಡಾಲ್ಫಿನ್!

ಹಾವಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಕಛ್‌ನ ಪನಾಂಧ್ರೋ ಲಿಗ್ನೈಟ್ ಗಣಿಯಲ್ಲಿ ಸಿಕ್ಕ 27 ಬೆನ್ನುಮೂಳೆಗಳನ್ನು ಆಧರಿಸಿ 2024ರಲ್ಲಿ ದೇಬಜಿತ್ ದತ್ತಾ ಮತ್ತು ಬಾಜಪೇಯಿ ಹೊಸ ಹಾವಿಗೆ ವಾಸುಕಿ ಇಂಡಿಕಸ್ ಅಂತ ಹೆಸರಿಟ್ಟರು. ಉದ್ದ 11ರಿಂದ 15 ಮೀಟರ್ ಇರಬಹುದು ಅಂತ ಲೆಕ್ಕ. ಕಾಲ ಸುಮಾರು 4.7 ಕೋಟಿ ವರ್ಷ ಹಿಂದೆ. ಕಾಲಿದ್ದ ತಿಮಿಂಗಿಲಗಳು ಉಪಖಂಡದ ದಡದಲ್ಲಿ ಓಡಾಡುತ್ತಿದ್ದ ಕಾಲವೇ ಅದು.

ಕೋಟೆಕಲ್ಲು:

ನಾನು ಚಿತ್ರದುರ್ಗದವನು. ಕಾಶ್ಮೀರಕ್ಕೆ ಸಿಕ್ಕಿತು, ಗುಜರಾತಿಗೆ ಸಿಕ್ಕಿತು, ನಮ್ಮ ಕರ್ನಾಟಕದಲ್ಲಿ ಏಕೆ ಇಂಥದ್ದು ಸಿಗುವುದಿಲ್ಲ? ಇಷ್ಟು ಕಲ್ಲು ಇದೆ ನಮ್ಮಲ್ಲಿ.

ಮೇಷ್ಟ್ರು ಬಯಲುಸೀಮೆ:

ಇದಕ್ಕೆ ನಾನು ಹೇಳುತ್ತೇನೆ. ನಮ್ಮ ಕಲ್ಲು ಬಹಳ ಹಳೆಯದು. ಲಾಲ್‌ಬಾಗ್ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಆಗ ಭೂಮಿಯ ಮೇಲೆ ಸೂಕ್ಷ್ಮಜೀವಿ ಬಿಟ್ಟರೆ ಏನೂ ಇರಲಿಲ್ಲ. ಅಲ್ಲದೆ ನೈಸ್, ಗ್ರಾನೈಟ್ ಅಂದರೆ ಭೂಮಿಯ ಆಳದಲ್ಲಿ ಬೆಂದ ಕಲ್ಲು. ಅದರಲ್ಲಿ ಮೂಳೆ ಉಳಿಯುವುದಿಲ್ಲ. ಮೂಳೆ ಉಳಿಯಬೇಕಾದರೆ ಹೂಳು ಬೇಕು, ಪದರ ಪದರವಾಗಿ ಕೂತು ಗಟ್ಟಿಯಾದ ಹೂಳು. ಉತ್ತರ ಕರ್ನಾಟಕದ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾ. ನಮ್ಮಲ್ಲಿ ತಿಮಿಂಗಿಲದ ಕಾಲದ ಕಡಲ ಹೂಳು ಮೇಲೆ ಕಾಣುವುದಿಲ್ಲ.

ಆದರೆ ನಿಮ್ಮ ಚಿತ್ರದುರ್ಗದ ಕಡೆಯೇ ಸ್ಟ್ರೊಮಾಟೊಲೈಟ್‌ಗಳಿವೆ. ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಗುರುತು, 250 ಕೋಟಿ ವರ್ಷಕ್ಕೂ ಹಳೆಯದು. ತಿಮಿಂಗಿಲದ ಇಡೀ ಕಥೆ ಅದರ ಮುಂದೆ ನಿನ್ನೆ ಮೊನ್ನೆಯದು. ಬಾಗಲಕೋಟೆ ಕಡೆಯ ಸುಣ್ಣದ ಕಲ್ಲಿನಲ್ಲೂ ಸಿಗುತ್ತವೆ. ಕಲ್ಲು ಒಡೆಯುವ ಕ್ವಾರಿಗಳ ಪಾಲಾಗುವ ಮುಂಚೆ ಅವನ್ನು ಉಳಿಸಿಕೊಳ್ಳಬೇಕು.

ಕಡಲತಡಿ:

ಒಂದು ಕೊನೆಯ ಅನುಮಾನ. ಕಾಲಿದ್ದ ತಿಮಿಂಗಿಲಗಳು ಮರಿ ಹಾಕುತ್ತಿದ್ದದ್ದು ದಡದಲ್ಲೋ ನೀರಲ್ಲೋ? ಮತ್ತೆ ಅವು ಇಲ್ಲಿಂದ ಬೇರೆ ಸಮುದ್ರಗಳಿಗೆ ಹೋದದ್ದು ಯಾವಾಗ?

ಕಲ್ಲುಕಥೆ:

ಮೊದಲನೆಯದಕ್ಕೆ ಉತ್ತರ ಪಾಕಿಸ್ತಾನದ ಮಯಾಸೆಟಸ್. 2009ರಲ್ಲಿ ಗಿಂಗರಿಚ್ ತಂಡ ಪ್ರಕಟಿಸಿದ, ಸುಮಾರು 4.75 ಕೋಟಿ ವರ್ಷ ಹಳೆಯ ಹೆಣ್ಣು ತಿಮಿಂಗಿಲ. ಹೊಟ್ಟೆಯೊಳಗೆ ಮರಿಯ ಮೂಳೆಗಳಿದ್ದವು. ಮರಿಯ ತಲೆ ಹೊರದಾರಿಯ ಕಡೆಗಿತ್ತು. ಈಗಿನ ತಿಮಿಂಗಿಲಗಳಲ್ಲಿ ಸಾಮಾನ್ಯವಾಗಿ ಬಾಲ ಮೊದಲು ಬರುತ್ತದೆ. ಹಸು, ಮೇಕೆಯಂಥ ನೆಲದ ಪ್ರಾಣಿಗಳಲ್ಲಿ ತಲೆ ಮೊದಲು. ಹಾಗಾಗಿ ಮಯಾಸೆಟಸ್ ದಡಕ್ಕೆ ಬಂದು ಹೆರುತ್ತಿತ್ತು ಅಂತ ಅವರು ಹೇಳಿದರು.

ಎರಡನೆಯದಕ್ಕೆ ಪೆರು ದೇಶಕ್ಕೆ ಹೋಗಬೇಕು. 2019ರಲ್ಲಿ ಹೆಸರಾದ ಪೆರಿಗೊಸೆಟಸ್, 4.26 ಕೋಟಿ ವರ್ಷದ್ದು, ಸುಮಾರು 4 ಮೀಟರ್ ಉದ್ದ. ನಾಲ್ಕು ಕಾಲು, ಬೆರಳ ತುದಿಯಲ್ಲಿ ಪುಟ್ಟ ಗೊರಸಿನ ಗುರುತು. ಆಫ್ರಿಕಾದ ಪಶ್ಚಿಮ ದಡದಿಂದ ಅಟ್ಲಾಂಟಿಕ್ ದಾಟಿ ಬಂದಿರಬೇಕು ಅಂತ ಅದನ್ನು ಕಂಡುಹಿಡಿದವರ ಲೆಕ್ಕ. ಆ ಕಾಲಕ್ಕೆ ಅಟ್ಲಾಂಟಿಕ್ ಈಗಿನಷ್ಟು ಅಗಲ ಇರಲಿಲ್ಲ ಅನ್ನೋದು ನಿಜ, ಆದರೂ ನಾಲ್ಕು ಕಾಲಿನ ಪ್ರಾಣಿ ಸಾಗರ ದಾಟಿ ಆಚೆ ದಡದಲ್ಲಿ ಮತ್ತೆ ಎದ್ದು ನಿಲ್ಲಬಲ್ಲ ಸ್ಥಿತಿಯಲ್ಲಿತ್ತು ಅಂದರೆ ಯೋಚನೆ ಮಾಡಿ. ಈಜಿಪ್ಟಿನಲ್ಲೂ 2021ರಲ್ಲಿ ಅಬ್ದುಲ್ಲಾ ಗೋಹರ್, ಹೆಶಾಮ್ ಸಲ್ಲಾಮ್ ಮತ್ತಿತರರು ಫಿಯೊಮಿಸೆಟಸ್ ಅನ್ನುವ 4.3 ಕೋಟಿ ವರ್ಷದ ಕಾಲಿದ್ದ ತಿಮಿಂಗಿಲವನ್ನು ಪ್ರಕಟಿಸಿದರು.

ಎರಡನೇ ಮಾತು:

ಕಣಕಾಲಿನ ಕಥೆ ಓದಿದ ಮೇಲೆ ನನ್ನ ತಕರಾರು ಅರ್ಧ ಕಮ್ಮಿ ಆಯಿತು, ಅದನ್ನು ಹೇಳಲೇಬೇಕು. ಉಳಿದ ಅರ್ಧ ಇದು. ತಿಮಿಂಗಿಲದ ಪಳೆಯುಳಿಕೆ 5 ಕೋಟಿ ವರ್ಷದ್ದು ಇದೆ ಅಂದಿರಿ. ಹಿಪ್ಪೋ ಹತ್ತಿರದ ನೆಂಟ ಆದರೆ ಅಷ್ಟೇ ಹಳೆಯ ಹಿಪ್ಪೋನೂ ಸಿಗಬೇಕಲ್ವಾ?

ಕಲ್ಲುಕಥೆ:

ತುಂಬಾ ಒಳ್ಳೆಯ ಪ್ರಶ್ನೆ, ತಜ್ಞರನ್ನೂ ಕಾಡಿದ ಪ್ರಶ್ನೆ. ಹಿಪ್ಪೋ ಅಂತ ಗುರುತಿಸಬಹುದಾದ ಪ್ರಾಣಿಗಳ ಪಳೆಯುಳಿಕೆ ಸುಮಾರು 2 ಕೋಟಿ ವರ್ಷದ ಆಸುಪಾಸಿನಿಂದ ಶುರು. ನಡುವೆ ದೊಡ್ಡ ಖಾಲಿ ಜಾಗ. ಆಂಥ್ರಕೋಥೀರ್ ಅನ್ನುವ ಗುಂಪಿನ ಮೇಲೆ ಬಹಳ ಜನರಿಗೆ ಅನುಮಾನ ಇತ್ತು. ಹಂದಿಯಂಥ ಮೈ, ಉದ್ದ ಮೂತಿ, ಕೆಲವು ನೀರಿನ ಹತ್ತಿರ ಬದುಕಿದ್ದವು. ನಮ್ಮ ಶಿವಾಲಿಕ್ ಬೆಟ್ಟಗಳಲ್ಲೂ ಅವುಗಳ ಮೂಳೆ ಸಿಕ್ಕಿವೆ. 2015ರಲ್ಲಿ ಕೀನ್ಯಾದ ಲೊಕೋನೆ ಅನ್ನುವಲ್ಲಿ ಸಿಕ್ಕ ಎಪಿರಿಜೆನಿಸ್ ಅನ್ನುವ 2.8 ಕೋಟಿ ವರ್ಷ ಹಳೆಯ ಪ್ರಾಣಿಯನ್ನು ಪ್ರಕಟಿಸಿದರು. ಅದರ ಹಲ್ಲು ಆಂಥ್ರಕೋಥೀರ್‌ಗೂ ಹಿಪ್ಪೋಗೂ ನಡುವಿನದ್ದು. ಆ ಗುಂಪನ್ನು ಹಿಡಿದು ಹಿಂದಕ್ಕೆ ಹೋದರೆ 4 ಕೋಟಿ ವರ್ಷ ದಾಟುತ್ತದೆ. ಅಲ್ಲಿಂದ ಆಚೆ, ತಿಮಿಂಗಿಲಕ್ಕೂ ಹಿಪ್ಪೋಗೂ ಇಬ್ಬರಿಗೂ ಸೇರಿದ ಅಜ್ಜ ಇನ್ನೂ ಕಲ್ಲಿನೊಳಗೇ ಇದ್ದಾನೆ. ಸಿಗುವುದಾದರೆ ಏಷ್ಯಾದಲ್ಲೇ ಸಿಗಬೇಕು ಅಂತ ನನ್ನ ನಂಬಿಕೆ, ರಾಜೌರಿಯ ಕಲ್ಲುಗಳಂಥ ಕಲ್ಲುಗಳಲ್ಲಿ.